ಮೊಲದ ಸೀನೂ ಮನೆಯ ಗಾಳಿಯೂ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸುತ್ತಣ ಹಳ್ಳಿಗಳಲ್ಲಿ ದನಕರುಗಳ ವಿಷಯವಾಗಿ ಹಿರಿಯರಿಗಿರುವ ತಿಳಿವಳಿಕೆ ಸಾಮಾನ್ಯವಾದುದಲ್ಲ. ಎತ್ತಿನ ಮೂತಿ ತೇವವಾಗಿದೆಯೇ ಒಣಗಿದೆಯೇ ಎಂಬುದನ್ನು ಮಾರು ದೂರದಿಂದಲೇ ಕಂಡು, ಅದು ಮೆಲುಕು ಹಾಕುವುದನ್ನು ನಿಲ್ಲಿಸಿತೆಂಬುದನ್ನು ಗಮನಿಸಿ, ಕಿವಿಯ ಬುಡವನ್ನು ಅಂಗೈಯಿಂದ ಮುಟ್ಟಿ ಜ್ವರದ ಏರಿಳಿತವನ್ನು ಊಹಿಸಬಲ್ಲ ರೈತರು ಅಲ್ಲಿ ಇಂದಿಗೂ ಉಂಟು; ಈ ವಿದ್ಯೆ ಯಾವ ಶಾಲೆಯಲ್ಲಿಯೂ ಕಲಿತದ್ದಲ್ಲ, ಕೊಟ್ಟಿಗೆಯಲ್ಲಿಯೇ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದದ್ದು. ಆದರೆ ಸಂತೆಯಲ್ಲಿ ತಂತಿಯ ಪಂಜರದೊಳಗೆ ಕುಳಿತಿದ್ದ ಬಿಳಿಯ ಮೊಲದ ಜೋಡಿಯೊಂದನ್ನು ಮಕ್ಕಳ ಹಟಕ್ಕೆ ಮಣಿದು ಕೊಂಡುತಂದು, ಹಿತ್ತಲ ಜಗುಲಿಯ ಮೇಲೆ ಇರಿಸಿಕೊಂಡ ಮನೆಯವರು, ಒಂದು ದಿನ ಬೆಳಗ್ಗೆ ಅವುಗಳಲ್ಲೊಂದು ಮೇಲಿಂದ ಮೇಲೆ ಸೀನುವುದನ್ನು ಕೇಳಿ ಕಂಗಾಲಾದಾಗ, ಈ ಸಂಚಿತ ವಿವೇಕವು ಅವರ ನೆರವಿಗೆ ಬರುವುದಿಲ್ಲ. ಬಂದರೂ ಅನೇಕ ವೇಳೆ ವಿರುದ್ಧವಾದ ದಾರಿಯನ್ನೇ ತೋರಿಸುತ್ತದೆ. ಎತ್ತಿನ ಮೂತಿಯ ತೇವವು ಆರೋಗ್ಯದ ಲಕ್ಷಣ. ಮೊಲದ ಮೂಗು ಒದ್ದೆಯಾಗಿ ಸೋರತೊಡಗಿದರೆ ಅದು ರೋಗದ ಲಕ್ಷಣ. ಮೊಲವು ಮೆಲುಕು ಹಾಕುವ ಪ್ರಾಣಿಯೇ ಅಲ್ಲ. ಅದರ ಕಿವಿಯಾದರೋ ದೇಹದ ಉಷ್ಣವನ್ನು ಹೊರಚೆಲ್ಲುವ ಅಂಗವಾದುದರಿಂದ, ಬಿಸಿಲಿನ ದಿನ ಆರೋಗ್ಯವಂತ ಮೊಲದ ಕಿವಿಯೂ ಬಿಸಿಯಾಗಿಯೇ ಇರುತ್ತದೆ.

ನಮ್ಮ ಹೊಲಗಳಂಚಿನಲ್ಲಿ ಕತ್ತಲಾದ ಮೇಲೆ ಕಾಣಿಸಿಕೊಂಡು ನೆಗೆದು ಮರೆಯಾಗುವ ಕಾಡುಮೊಲಕ್ಕೂ ಈ ಬಿಳಿಯ ಅತಿಥಿಗೂ ದೂರದ ನಂಟು ಮಾತ್ರ. ಕಾಡುಮೊಲವು ಬಯಲಿನ ಜೀವಿ. ಅದರ ಮರಿಗಳು ಮೈತುಂಬ ರೋಮದೊಡನೆ, ಕಣ್ತೆರೆದೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ ಅದಕ್ಕುಂಟಾದುದರಿಂದ ಅದನ್ನು ಹಿಡಿದು ಸಾಕುವಂತಿಲ್ಲ. ಸಾಕುಮೊಲದ ಮೂಲಪುರುಷರಾದರೋ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ತಂಪಾದ ಬಿಲಗಳಲ್ಲಿ ಗುಂಪಾಗಿ ಬಾಳಿದವರು. ಅಂಥ ಪ್ರಾಣಿಯ ಉಸಿರಾಟದ ವ್ಯವಸ್ಥೆಯನ್ನು ಅರಿಯದೆ, ಅದನ್ನು ಕೊಬ್ಬರಿಯ ನಾಡಿನ ಧೂಳಿಗೂ ಹೊಗೆಗೂ ಚೈತ್ರದ ಬಿಸಿಲಿಗೂ ಒಡ್ಡಿದರೆ ಅದು ಸೀನದೆ ಇನ್ನೇನು ಮಾಡೀತು?

ಮೊದಲಿಗೆ ಸೀನಿನ ವಿಚಾರವನ್ನೇ ನೋಡೋಣ. ಒಂದೆರಡು ಸೀನು ರೋಗವಲ್ಲ. ಮುಖವನ್ನು ಮುಂಗಾಲುಗಳಿಂದ ತಿಕ್ಕಿ ತೊಳೆದುಕೊಳ್ಳುವಾಗ, ನೀರಿನ ಬಟ್ಟಲಿಗೆ ಮೂಗು ತಗುಲಿದಾಗ, ಒಣಹುಲ್ಲಿನ ಕಂತೆಯನ್ನು ಕೆದಕಿದಾಗ ಮೊಲ ಸೀನುತ್ತದೆ, ಸೀನಿ ಸುಮ್ಮನಾಗುತ್ತದೆ. ಚಿಂತೆಗೆ ಕಾರಣವಾಗಬೇಕಾದ ಸೀನು ಬೇರೆ: ಅದು ಗಂಟೆಗಟ್ಟಲೆ ಮರುಕಳಿಸುತ್ತದೆ, ಮೂಗಿನಿಂದ ಮೊದಲು ನೀರಿನಂತೆಯೂ ಅನಂತರ ಬೆಳ್ಳಗೆ ಗಟ್ಟಿಯಾಗಿಯೂ ಸಿಂಬಳ ಇಳಿಯುತ್ತದೆ, ಕಣ್ಣಿನ ಕೆಳಗಣ ರೋಮ ಅಂಟಂಟಾಗುತ್ತದೆ, ಹತ್ತಿರ ಕಿವಿಯಿಟ್ಟರೆ ಗೊರಗೊರ ಸದ್ದು ಕೇಳಿಸುತ್ತದೆ. ಆದರೆ ಮೊಲವು ಬೇಟೆಗೆ ಸಿಲುಕುವ ಜಾತಿಯ ಪ್ರಾಣಿಯಾದುದರಿಂದ ತನ್ನ ದೌರ್ಬಲ್ಯವನ್ನು ಮರೆಮಾಚುವುದು ಅದಕ್ಕೆ ಹುಟ್ಟುಗುಣ. ಸೋರುವ ಮೂಗನ್ನು ಅದು ನಮ್ಮ ಕಣ್ಣಿಗೆ ಬೀಳುವ ಮುನ್ನವೇ ಒರೆಸಿಕೊಂಡು ಕುಳಿತಿರುತ್ತದೆ. ಆದಕಾರಣ ಅನುಭವಿಗಳು ಮೂಗನ್ನು ನೋಡುವ ಮೊದಲು ಮುಂಗಾಲುಗಳನ್ನು ಎತ್ತಿ ನೋಡುತ್ತಾರೆ. ಪಾದದ ಒಳಬದಿಯ ರೋಮ ಜಡೆಗಟ್ಟಿ, ಒಣಗಿ, ಬಿರುಸಾಗಿದ್ದರೆ ಆ ಮೊಲಕ್ಕೆ ಕೆಲವು ದಿನಗಳಿಂದಲೇ ಮೂಗು ಸೋರುತ್ತಿದೆಯೆಂದು ನಿಶ್ಚಯವಾಗಿ ಹೇಳಬಹುದು.

ಮನುಷ್ಯನಿಗೆ ಮೂಗು ಕಟ್ಟಿದರೆ ಬಾಯಿಂದ ಉಸಿರೆಳೆದುಕೊಂಡು ರಾತ್ರಿಯನ್ನು ಹೇಗೋ ಕಳೆಯುತ್ತಾನೆ. ಈ ಅನುಕೂಲ ಮೊಲಕ್ಕಿಲ್ಲ. ಅದರ ಶ್ವಾಸನಾಳದ ಮುಚ್ಚಳವು ಮೃದುವಾದ ಅಂಗುಳಿನ ಮೇಲ್ಬದಿಗೆ ಚಾಚಿಕೊಂಡು ನಾಸಿಕದ ದಾರಿಗೆ ನೇರವಾಗಿ ಕೂಡಿಕೊಂಡಿರುವುದರಿಂದ, ಗಾಳಿಯು ಒಳಹೋಗುವುದಕ್ಕೂ ಹೊರಬರುವುದಕ್ಕೂ ಮೂಗೊಂದೇ ಸಹಜವಾದ ಮಾರ್ಗ. ಎದೆಯ ಗೂಡು ಚಿಕ್ಕದು. ಅದರ ಹಿಂದೆ ಹೊಟ್ಟೆಯ ಭಾರ ದೊಡ್ಡದು. ಮೂಗು ಕಟ್ಟಿದ ಮೊಲವನ್ನು ಅಂಗಾತ ಮಲಗಿಸಿ ಹೊಟ್ಟೆ ಸವರುವುದು ಮಕ್ಕಳಿಗೆ ಮೋಜಾಗಿ ತೋರಿದರೂ, ಮೊಲಕ್ಕೆ ಅದು ಪ್ರಾಣಸಂಕಟ. ಮೊಲವು ತಲೆಯನ್ನು ಮೇಲಕ್ಕೆತ್ತಿ, ಬಾಯ್ದೆರೆದು ಉಸಿರಾಡುತ್ತಿರುವುದನ್ನು ಕಂಡರೆ ನಾಳೆ ನೋಡೋಣವೆಂದು ಮುಂದೂಡಬಾರದು. ತುಟಿಗಳು ನೀಲಿಗಟ್ಟುವುದಕ್ಕೆ ಮೊದಲೇ ವೈದ್ಯರ ಬಳಿಗೆ ಕೊಂಡೊಯ್ಯಬೇಕು. ವಿಶ್ರಾಂತಿಯಲ್ಲಿರುವ ಮೊಲವು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುವುದು ಸಹಜವಾದುದು. ಪಕ್ಕೆಗಳ ಏರಿಳಿತವನ್ನು ಗಡಿಯಾರ ಹಿಡಿದು ಎಣಿಸುವುದನ್ನು ಆರೋಗ್ಯವಾಗಿರುವಾಗಲೇ ರೂಢಿಸಿಕೊಂಡಿದ್ದರೆ ಕಾಯಿಲೆಯ ದಿನ ಅಂದಾಜು ತಪ್ಪುವುದಿಲ್ಲ. ಮೂಗು ಆಡಿಸುವುದನ್ನೇ ಉಸಿರೆಂದು ಎಣಿಸಬಾರದು, ಅದು ಬೇರೆಯೇ ಒಂದು ಲೀಲೆ.

ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಗಳು ಹಲವಾದರೂ ಅಗ್ರಸ್ಥಾನವು ಪಾಶ್ಚುರೆಲ್ಲ ಮಲ್ಟೋಸಿಡ ಎಂಬುದಕ್ಕೆ ಸಲ್ಲುತ್ತದೆ. ಹೆಸರು ಅಪರಿಚಿತವೆಂದು ನಮ್ಮ ರೈತರು ಭಾವಿಸಬೇಕಾಗಿಲ್ಲ; ಮುಂಗಾರಿನ ಆರಂಭದಲ್ಲಿ ದನ ಎಮ್ಮೆಗಳ ಗಂಟಲು ಊದಿಸಿ, ಒಂದೆರಡು ದಿನದಲ್ಲಿಯೇ ಪ್ರಾಣ ತೆಗೆಯುವ ಗಳಲೆ ರೋಗವನ್ನು ಉಂಟುಮಾಡುವುದೂ ಈ ಜೀವಾಣುವೇ. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭಗೊಂಡು ಇಂದು ಬೆಂಗಳೂರಿನ ಹೆಬ್ಬಾಳದಲ್ಲಿ ಬೇರೆ ಹೆಸರಿನಿಂದ ನಡೆಯುತ್ತಿರುವ ಪಶು ಆರೋಗ್ಯ ಸಂಸ್ಥೆಯು ಸಿದ್ಧಪಡಿಸುವ ಲಸಿಕೆಗಳಲ್ಲಿ ಗಳಲೆಯ ಲಸಿಕೆಯೂ ಒಂದು. ಆದರೆ ದನಕ್ಕೂ ಮೊಲಕ್ಕೂ ಹತ್ತುವ ಈ ಜೀವಾಣುಗಳು ಒಂದೇ ಕುಲದ ಬೇರೆಬೇರೆ ವರ್ಗಗಳು: ನಮ್ಮ ದನಗಳನ್ನು ಕೊಲ್ಲುವ ವರ್ಗವೊಂದು, ಮೊಲದ ಮೂಗಿನಲ್ಲಿ ಸಾಮಾನ್ಯವಾಗಿ ನೆಲೆಸುವ ವರ್ಗ ಮತ್ತೊಂದು. ಕೊಟ್ಟಿಗೆಯ ಪಕ್ಕದಲ್ಲಿ ಮೊಲ ಸೀನಿತೆಂದು ಹಸುವಿನ ಚಿಂತೆ ಹಚ್ಚಿಕೊಳ್ಳಬೇಕಾಗಿಲ್ಲ. ಹಾಗೆಯೇ ಹಸುವಿಗೆಂದು ಬಂದ ಲಸಿಕೆಯಲ್ಲಿ ಮೊಲಕ್ಕೂ ಒಂದಿಷ್ಟು ಹಾಕಿಸಿಬಿಡೋಣವೆಂಬ ಜಾಣತನವೂ ಬೇಡ.

ಲೂಯಿ ಪಾಶ್ಚರನ ಹೆಸರನ್ನು ಹೊತ್ತ ಈ ಜೀವಾಣುವಿಗೂ ಮೊಲಕ್ಕೂ ಇರುವ ಸಂಬಂಧದ ಇತಿಹಾಸದಲ್ಲಿ ವಿಚಿತ್ರವಾದ ಒಂದು ಪ್ರಸಂಗವುಂಟು. 1859ರಲ್ಲಿ ಆಸ್ಟ್ರೇಲಿಯದಲ್ಲಿ ಬೇಟೆಯ ವಿನೋದಕ್ಕೆಂದು ಬಿಡಲಾದ ಕೆಲವೇ ಮೊಲಗಳು ಕೆಲವು ದಶಕಗಳಲ್ಲಿ ಆ ಖಂಡದ ಹುಲ್ಲುಗಾವಲುಗಳನ್ನೇ ಬರಿದುಮಾಡಲಾಗಿ, ನ್ಯೂ ಸೌತ್ ವೇಲ್ಸ್ ಸರ್ಕಾರವು 1887ರಲ್ಲಿ ಮೊಲದ ಹಾವಳಿಯನ್ನು ನಿರ್ಮೂಲ ಮಾಡುವ ಉಪಾಯವನ್ನು ಸೂಚಿಸಿದವರಿಗೆ 25,000 ಪೌಂಡುಗಳ ಬಹುಮಾನವನ್ನು ಘೋಷಿಸಿತು. ಕೋಳಿಗಳ ಕಾಲರಾ ರೋಗದ ಜೀವಾಣುವನ್ನು, ಎಂದರೆ ಇದೇ ಪಾಶ್ಚುರೆಲ್ಲವನ್ನು, ಕೆಲವು ವರ್ಷಗಳ ಹಿಂದೆಯಷ್ಟೇ ಸಾಧಿಸಿಕೊಂಡಿದ್ದ ಪಾಶ್ಚರನು, ಅದನ್ನು ಮೇವಿನೊಡನೆ ಬೆರೆಸಿ ಮೊಲಗಳಿಗೆ ತಿನ್ನಿಸಬಹುದೆಂದು ಸಲಹೆ ಮಾಡಿ, ಫ್ರಾನ್ಸಿನ ಒಂದು ದ್ರಾಕ್ಷಾರಸದ ಎಸ್ಟೇಟಿನಲ್ಲಿ ಪರೀಕ್ಷೆಯನ್ನೂ ನಡೆಸಿ, 1888ರಲ್ಲಿ ತನ್ನ ಹೆಂಡತಿಯ ಬಂಧುವಾದ ಏಡ್ರಿಯನ್ ಲುವಾರ್ ಎಂಬ ತರುಣನನ್ನು ಸಿಡ್ನಿಗೆ ಕಳುಹಿಸಿದನು. ಸಿಡ್ನಿಯ ಬಂದರಿನ ರಾಡ್ ದ್ವೀಪದಲ್ಲಿ ಪ್ರಯೋಗಗಳು ನಡೆದವು. ಜೀವಾಣು ಬೆರೆಸಿದ ಮೇವು ತಿಂದ ಮೊಲಗಳು ಸತ್ತವು, ನಿಜ. ಆದರೆ ಸತ್ತವುಗಳಿಂದ ಬದುಕಿದ್ದವುಗಳಿಗೆ ರೋಗವು ನಿರೀಕ್ಷಿಸಿದಂತೆ ಹಬ್ಬಲಿಲ್ಲ. ಪಕ್ಷಿಗಳಿಗೂ ಅಪಾಯವೆಂಬ ಭಯ ಬೇರೆ. ಉಪಾಯಗಳನ್ನು ಪರಿಶೀಲಿಸುತ್ತಿದ್ದ ಆಯೋಗವು ಒಪ್ಪಲಿಲ್ಲ, ಬಹುಮಾನ ಯಾರಿಗೂ ಸಂದಾಯವಾಗಲಿಲ್ಲ. ಮೊಲವನ್ನು ನಿರ್ವಂಶ ಮಾಡಲು ಹೊರಟ ಆ ಜೀವಾಣುವು ಮೊಲದೊಡನೆ ಸಂಸಾರ ಹೂಡಬಲ್ಲದೆಂಬುದನ್ನು ಮುಂದಿನ ಕಾಲದ ಪಶುವೈದ್ಯರು ಕಂಡುಕೊಂಡರು. ಆರೋಗ್ಯವಂತವಾಗಿ ಕಾಣುವ ಅನೇಕ ಮೊಲಗಳ ಮೂಗಿನ ಆಳದಲ್ಲಿ ಅದು ವರ್ಷಾನುಗಟ್ಟಲೆ ಯಾವ ಉಪದ್ರವವನ್ನೂ ಕೊಡದೆ ಇರುತ್ತದೆ. ತಾಯಿಯಿಂದ ಮರಿಗೆ ಎಳೆತನದಲ್ಲಿಯೇ ಹತ್ತುತ್ತದೆ. ಮತ್ತು ಪ್ರಾಣಿಯ ಬಲ ಕುಗ್ಗಿದ ದಿನವನ್ನು ಕಾಯುತ್ತದೆ.

ಆ ದಿನ ಬರುವುದು ಹೇಗೆಂಬುದೇ ಸಾಕುವವರಿಗೆ ಮುಖ್ಯವಾದ ಪ್ರಶ್ನೆ. ಔಷಧದ ಅಂಗಡಿಯ ಬಾಗಿಲು ತಟ್ಟುವ ಮುನ್ನ ಮನೆಯ ಗಾಳಿಯನ್ನು ಒಮ್ಮೆ ಮೂಸಿ ನೋಡಬೇಕೆಂದು ನನ್ನ ಅಭಿಪ್ರಾಯ. ತೆಂಗಿನ ನಾಡಿನ ಮನೆಗಳ ರಚನೆ ಹೇಗಿದೆಯೆಂದರೆ, ಬೇರೆಲ್ಲಿಯೂ ಇಲ್ಲದಷ್ಟು ಬಗೆಯ ಧೂಳು ಇಲ್ಲಿ ಒಂದೇ ಹಿತ್ತಲಿನಲ್ಲಿ ಕೂಡುತ್ತದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಗಿಟುಕು ಕೊಬ್ಬರಿಯಾಗುವವರೆಗೆ ಹತ್ತು ಹನ್ನೆರಡು ತಿಂಗಳು ಬಿಡುವುದು ವಾಡಿಕೆಯಷ್ಟೆ. ಅದನ್ನು ಇಳಿಸಿ ಸುಲಿದು ಚಿಪ್ಪು ಬಿಡಿಸುವ ದಿನಗಳಲ್ಲಿ ಅಂಗಳದ ತುಂಬ ಒಣಸಿಪ್ಪೆಯ ಕಂದು ಪುಡಿ ತೇಲಾಡುತ್ತದೆ, ಸುಲಿಯುವವರೇ ಮೂಗಿಗೆ ಟವೆಲು ಸುತ್ತಿಕೊಳ್ಳುತ್ತಾರೆ. ಊರಾಚೆ ನಾರಿನ ಕಾರ್ಖಾನೆಯಿದ್ದರೆ ಗಾಳಿ ಬೀಸಿದ ಕಡೆಗೆಲ್ಲ ನಾರಿನ ಪುಡಿ. ಈ ಪುಡಿಯು ತೇವವನ್ನು ಚೆನ್ನಾಗಿ ಹೀರುತ್ತದೆಯೆಂಬುದನ್ನು ಬಲ್ಲ ಕೆಲವರು, ಮೂತ್ರದ ವಾಸನೆ ತಡೆಯಲೆಂದು ಅದನ್ನೇ ಮೊಲದ ಪಂಜರದ ತಳಕ್ಕೆ ಹರಡುತ್ತಾರೆ. ಗಿಡದ ಕುಂಡಕ್ಕೆ ಅದು ಉತ್ತಮವಾದ ವಸ್ತು. ನೆಲದಿಂದ ಎರಡು ಅಂಗುಲದ ಎತ್ತರದಲ್ಲಿ ಮೂಗಿಟ್ಟುಕೊಂಡು ಬದುಕುವ ಪ್ರಾಣಿಗೆ ಸಲ್ಲದು. ಉದ್ದನೆಯ ನಾರನ್ನು ಹಾಸುವುದೂ ಸರಿಯಲ್ಲ, ಮೊಲ ಅದನ್ನು ಕಡಿದು ನುಂಗೀತು.

ಧೂಳಿಗಿಂತ ಹೊಗೆ ಕಡಮೆಯೇನಲ್ಲ. ಬಚ್ಚಲ ಹಂಡೆಯ ಒಲೆಗೆ ಕಾಯಿಸಿಪ್ಪೆ, ಗರಿ, ಚಿಪ್ಪುಗಳನ್ನು ಒಟ್ಟಿ ಉರಿಸುವ ಮನೆಗಳಲ್ಲಿ, ಮಾಗಿಯ ಚಳಿಗೆ ಮೊಲ ನಡುಗೀತೆಂಬ ಕರುಣೆಯಿಂದ ಪಂಜರವನ್ನು ಆ ಬಚ್ಚಲ ಮಗ್ಗುಲಿಗೇ ತಂದಿಡುವುದನ್ನು ಕಾಣಬಹುದು. ಮೈತುಂಬ ತುಪ್ಪಳವಿರುವ ಮೊಲಕ್ಕೆ ಒಣಚಳಿಯ ಭಯವಿಲ್ಲ; ಒದ್ದೆ ನೆಲವೂ ನೇರವಾಗಿ ಬೀಸುವ ಶೀತಗಾಳಿಯೂ ಮಾತ್ರ ಅದಕ್ಕೆ ಆಗದು. ಸಂಜೆ ಸೊಳ್ಳೆಗೆಂದು ಹಾಕುವ ಬೇವಿನ ಸೊಪ್ಪಿನ ಹೊಗೆ, ಮಂಗಳವಾರ ಶುಕ್ರವಾರಗಳ ಸಾಂಬ್ರಾಣಿ, ಸೊಳ್ಳೆಬತ್ತಿಯ ಸುರುಳಿ, ಇವೆಲ್ಲ ಮನುಷ್ಯರಿಗೆ ಹಿತವೋ ಅಹಿತವೋ ಆ ಚರ್ಚೆ ಬೇರೆ. ಮೊಲವಿರುವ ಕೋಣೆಯಲ್ಲಂತೂ ಅವು ಕೂಡದು. ಸೀನುತ್ತಿರುವ ಮೊಲದ ಮೂಗಿಗೆ ನೀಲಗಿರಿ ಎಣ್ಣೆಯನ್ನೋ ನೆಗಡಿಯ ಮುಲಾಮನ್ನೋ ಸವರುವವರೂ ಇದ್ದಾರೆ. ಅವರ ಸದ್ಭಾವವನ್ನು ಗೌರವಿಸುತ್ತಲೇ ಅವರ ಕೈಯನ್ನು ತಡೆಯಬೇಕು.

ಇನ್ನು ಎಲ್ಲಕ್ಕಿಂತ ಗುಪ್ತವಾಗಿ ಕೆಲಸಮಾಡುವುದು ಪಂಜರದೊಳಗೇ ಹುಟ್ಟುವ ಅಮೋನಿಯ. ಮೊಲದ ಮೂತ್ರವು ನೆಲದಲ್ಲಿ ನಿಂತು ಕೊಳೆತಾಗ ಏಳುವ ಈ ಅನಿಲವು ಮೂಗಿನ ಒಳಪೊರೆಯ ಮೇಲಣ ಅತಿಸೂಕ್ಷ್ಮವಾದ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಧೂಳನ್ನೂ ಜೀವಾಣುಗಳನ್ನೂ ಹೊರಕ್ಕೆ ತಳ್ಳುವ ಕಾವಲುಗಾರರು ಆ ರೋಮಗಳೇ ಆದುದರಿಂದ, ಅವು ಸೋತ ಮರುಗಳಿಗೆಯೇ ಸುಪ್ತವಾಗಿದ್ದ ಪಾಶ್ಚುರೆಲ್ಲಕ್ಕೆ ದಾರಿ ಸುಗಮವಾಗುತ್ತದೆ. ಪಂಜರದ ಬಳಿ ಕುಕ್ಕುರುಗಾಲಲ್ಲಿ ಕುಳಿತು, ಮುಖವನ್ನು ಮೊಲದ ಮುಖದ ಎತ್ತರಕ್ಕೆ ತಗ್ಗಿಸಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು. ನಮ್ಮ ಕಣ್ಣು ಉರಿಯುವಷ್ಟಿದ್ದರೆ ಅದರ ಮೂಗಿಗೆ ಎಂದೋ ಮಿತಿಮೀರಿದೆ. ದಿನಕ್ಕೊಮ್ಮೆ ಹಾಸು ಬದಲಿಸುವುದು, ಹಳೆಯ ವೃತ್ತಪತ್ರಿಕೆಯ ಮೇಲೆ ಧೂಳು ಕೊಡವಿದ ಒಣಹುಲ್ಲನ್ನು ಹಾಸುವುದು, ತಂತಿಯ ತಳದ ಮೇಲೆ ಒಂದು ಮರದ ಹಲಗೆಯನ್ನಿಡುವುದು, ಇವಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ತೊಳೆಯುವಾಗ ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಎರಚಬಾರದು. ಅವೆರಡರ ಸಂಯೋಗದಿಂದ ಏಳುವ ಅನಿಲ ಇನ್ನೂ ಘೋರವಾದುದು. ಮೊದಲು ನೀರಿನಿಂದ ತೊಳೆದು, ಮೊಲವನ್ನು ಬೇರೆಡೆ ಇರಿಸಿ, ಅನಂತರ ಔಷಧಿ ಹಾಕಿ, ನೆಲ ಪೂರ್ತಿ ಒಣಗಿದ ಮೇಲೆ ಒಳಬಿಡಬೇಕು. ಮೇವಿನ ರಾಗಿಹುಲ್ಲು ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆದೆಯ ಅಂಚಿನದಾಗಿರಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಕಂತೆಯನ್ನು ಹೊರಗೆ ಕೊಡವಿ ಒಳಗೆ ತಂದರಾಯಿತು.

ಗಾಳಿ ಶುದ್ಧವಾಗಿದ್ದೂ ಒಂದು ಕಣ್ಣು ಮಾತ್ರ, ಒಂದು ಹೊರಳೆ ಮಾತ್ರ ಸೋರುತ್ತಿದ್ದರೆ ಸಂದೇಹವು ಹಲ್ಲಿನ ಕಡೆಗೆ ತಿರುಗಬೇಕು. ಮೊಲದ ಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅರೆದರೆ ಮಾತ್ರ ಸವೆಯುತ್ತವೆ. ಅನ್ನ, ಬಿಸ್ಕತ್ತು, ಚಪಾತಿಗಳ ಮೇಲೆ ಬೆಳೆದ ಮೊಲದಲ್ಲಿ ಮೇಲ್ದವಡೆಯ ಹಲ್ಲಿನ ಬೇರು ಹಿಂದಕ್ಕೆ ಚಾಚಿ, ಕಣ್ಣೀರನ್ನು ಮೂಗಿಗೆ ಹರಿಸುವ ಸಣ್ಣ ನಾಳವನ್ನು ಅದುಮುತ್ತದೆ. ಅಂಥ ಮೊಲಕ್ಕೆ ಎಷ್ಟು ಔಷಧಿ ಕುಡಿಸಿದರೂ ಪ್ರಯೋಜನವಾಗದು. ಎಕ್ಸ್‌ರೇ ತೆಗೆಸಿದಾಗಲೇ ನಿಜಸ್ಥಿತಿ ತಿಳಿಯುತ್ತದೆ. ಮೂಗಿನೊಳಗೆ ಹುಲ್ಲಿನ ಎಸಳು ಸಿಕ್ಕಿಕೊಂಡೂ ಒಂದೇ ಹೊರಳೆ ಸೋರುವುದುಂಟು.

ಔಷಧದ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮಗುವಿನ ಕೆಮ್ಮಿಗೆ ತಂದು ಉಳಿದ ಅಮಾಕ್ಸಿಸಿಲಿನ್ ದ್ರಾವಣವನ್ನು ನಾಲ್ಕು ಹನಿ ಮೊಲದ ಬಾಯಿಗೆ ಬಿಟ್ಟರೆ ತಪ್ಪೇನೆಂದು ತೋರಬಹುದು. ಮೊಲದ ಕರುಳು ಕೋಟ್ಯಂತರ ಉಪಕಾರಿ ಸೂಕ್ಷ್ಮಜೀವಿಗಳ ಸಹಕಾರದಿಂದ ನಡೆಯುವಂಥದು. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್ ಮುಂತಾದವು ಅವುಗಳನ್ನು ಕೊಂದು, ವಿಷಕಾರಿಯಾದ ಕ್ಲಾಸ್ಟ್ರಿಡಿಯಂ ಜಾತಿಯ ಜೀವಾಣುಗಳು ಬೆಳೆಯಲು ಅವಕಾಶ ಮಾಡಿಕೊಡುತ್ತವೆ. ಸೀನಿಗೆ ಕೊಟ್ಟ ಔಷಧಿಯಿಂದ ಭೇದಿ ಹತ್ತಿ ಮೊಲ ಸಾಯುವುದು ಹೀಗೆ. ಪಶುವೈದ್ಯರು ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್ ಬೆರೆತ ಸಲ್ಫಾ ಔಷಧಿಗಳನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬರೆಯುವುದು ಸಾಮಾನ್ಯ. ಸಾಧ್ಯವಾದಲ್ಲಿ ಮೂಗಿನ ಆಳದಿಂದ ದ್ರವ ತೆಗೆದು, ಯಾವ ಜೀವಾಣು ಯಾವ ಔಷಧಿಗೆ ಮಣಿಯುತ್ತದೆಂದು ಪರೀಕ್ಷಿಸುವುದು ಉತ್ತಮ, ಏಕೆಂದರೆ ಪಾಶ್ಚುರೆಲ್ಲವೊಂದೇ ಅಲ್ಲದೆ ಬೋರ್ಡೆಟೆಲ್ಲ, ಸ್ಟ್ಯಾಫಿಲೊಕಾಕಸ್, ಸ್ಯೂಡೊಮೋನಾಸ್‌ಗಳೂ ಅಪರಾಧಿಗಳಾಗಿರಬಹುದು. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ನಾಲ್ಕು ದಿನಕ್ಕೆ ಸೀನು ನಿಂತಿತೆಂದು ಔಷಧಿಯನ್ನು ನಿಲ್ಲಿಸಿದವರ ಮನೆಯಲ್ಲಿ ಅದು ತಿಂಗಳೊಳಗೆ ಮರಳಿ ಬರುತ್ತದೆ, ಮತ್ತು ಆಗ ಮೊದಲಿನ ಔಷಧಿ ನಾಟದೆಯೂ ಹೋಗಬಹುದು. ತುರಿಕೆ ಉಬ್ಬಸಗಳಿಗೆ ಕೊಡುವ ಸ್ಟಿರಾಯ್ಡ್ ಔಷಧಿಗಳು ಮೊಲದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಅವು ಇಲ್ಲಿ ಹೊಂದುವುದಿಲ್ಲ.

ರೋಗವು ಮೂಗಿನಲ್ಲಿಯೇ ನಿಲ್ಲುತ್ತದೆಂಬ ಭರವಸೆಯಿಲ್ಲ. ಕೆಳಗಿಳಿದರೆ ಶ್ವಾಸಕೋಶದ ಉರಿಯೂತ. ಕಿವಿಯ ಒಳಗೆ ಹೊಕ್ಕರೆ ತಲೆ ಒಂದು ಪಕ್ಕಕ್ಕೆ ವಾಲಿ, ಮೊಲ ಉರುಳಿ ಉರುಳಿ ಬೀಳುತ್ತದೆ. ಚರ್ಮದ ಕೆಳಗೆ ಕೀವಿನ ಗಂಟುಗಳೂ ಏಳುತ್ತವೆ.

ಶುಶ್ರೂಷೆಯಲ್ಲಿ ಆಹಾರದ್ದೇ ಮುಖ್ಯವಾದ ಪಾತ್ರ. ಮೂಗು ಕಟ್ಟಿದ ಮೊಲಕ್ಕೆ ವಾಸನೆ ತಿಳಿಯದು, ವಾಸನೆ ತಿಳಿಯದ ಮೇವನ್ನು ಅದು ಮುಟ್ಟದು, ಮತ್ತು ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದರ ಕರುಳಿನ ಚಲನೆಯೇ ನಿಲ್ಲತೊಡಗುತ್ತದೆ. ಹೀಗೆ ಎಷ್ಟೋ ಮೊಲಗಳು ಸೀನಿನಿಂದಲ್ಲದೆ ಹಸಿವಿನಿಂದ ಸಾಯುತ್ತವೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೂಗನ್ನು ಮೆಲ್ಲಗೆ ಒರೆಸಿ, ಘಮಘಮಿಸುವ ಕೊತ್ತಂಬರಿಯನ್ನೋ ಪುದೀನವನ್ನೋ ಮುಂದಿಟ್ಟರೆ ಬಾಯಿ ಹಾಕುವ ಸಂಭವ ಹೆಚ್ಚು. ಗರಿಕೆ, ಮುಲ್ಲಂಗಿ ಸೊಪ್ಪು, ಅಲಸಂದೆಯ ಎಲೆ ಇವೂ ಸಲ್ಲುತ್ತವೆ. ಹಿಕ್ಕೆ ಬಿದ್ದಿವೆಯೇ, ಬಿದ್ದರೆ ಗಾತ್ರ ಕಿರಿದಾಗಿದೆಯೇ ಎಂದು ಬೆಳಗೂ ಬೈಗೂ ನೋಡಬೇಕು. ಮನೆಯಲ್ಲಿ ಉಬ್ಬಸದವರಿಗೆಂದು ನೆಬ್ಯುಲೈಸರ್ ಇದ್ದರೆ, ವೈದ್ಯರನ್ನು ಕೇಳಿ ಬರಿಯ ಸಲೈನ್ ಆವಿಯನ್ನು ಕೊಡಬಹುದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮೊಲವನ್ನು ಹಿಡಿಯುವುದು ಮಾತ್ರ ಅಪಾಯಕರ, ಏಕೆಂದರೆ ಬೆವರಲಾರದ ಈ ಪ್ರಾಣಿಗೆ 30 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯೇ ಕಷ್ಟ.

ಅದೇ ಕಾರಣದಿಂದ ಆಸ್ಪತ್ರೆಯ ಪ್ರಯಾಣವನ್ನು ಬೆಳಗಿನ ತಂಪಿನಲ್ಲಿ ಕೈಕೊಳ್ಳತಕ್ಕದ್ದು. ತಿಪಟೂರಿನ ಪಶು ಆಸ್ಪತ್ರೆಯಲ್ಲಿ ದನ ಕುರಿಗಳದೇ ಸಂದಣಿಯಾದರೂ ಮೊದಲ ಪರೀಕ್ಷೆ ಅಲ್ಲಿ ಆಗಬಹುದು. ಎಕ್ಸ್‌ರೇ, ಪ್ರಯೋಗಾಲಯಗಳ ಅಗತ್ಯ ಬಿದ್ದರೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವೋ, ರೈಲಿನ ದಾರಿಯಲ್ಲಿರುವ ಬೆಂಗಳೂರಿನ ಹೆಬ್ಬಾಳದ ಕಾಲೇಜೋ ದಿಕ್ಕು. ಗಾಳಿಯಾಡುವ ಬಿದಿರು ಬುಟ್ಟಿ, ಒಳಗೆ ಪರಿಚಿತವಾದ ಹಾಸು, ಬಾಯಿ ಮುಚ್ಚಲು ತೆಳುಬಟ್ಟೆ ಇಷ್ಟಿದ್ದರೆ ಸಾಕು. ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮೊಲವು ವೈದ್ಯರನ್ನು ಕಾಣುವವರೆಗೆ ಉಳಿಯುವುದು ಸಂದೇಹ. ಔಷಧಿಯ ಬೆಲೆಯು ಮೊಲದ ಬೆಲೆಯ ಹಲವು ಪಟ್ಟು ಆಗುತ್ತದೆಂದು ಗೊಣಗುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆ ಲೆಕ್ಕವನ್ನು ಸಂತೆಯಲ್ಲಿ ಚೌಕಾಸಿ ಮಾಡುವಾಗಲೇ ಹಾಕಿಕೊಳ್ಳಬೇಕಾಗಿತ್ತು.

ಕೊನೆಯದಾಗಿ ಜೋಡಿಯ ಪ್ರಶ್ನೆ. ಎರಡರಲ್ಲಿ ಒಂದು ಸೀನತೊಡಗಿದರೆ ಅದನ್ನು ಬೇರ್ಪಡಿಸಬೇಕೆಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಹೊಸದಾಗಿ ಕೊಂಡುತಂದ ಮೊಲವನ್ನು ಹಳೆಯವುಗಳಿಂದ ಒಂದು ತಿಂಗಳು ದೂರದಲ್ಲಿಟ್ಟು, ಅದಕ್ಕೆ ಮೇವು ನೀರು ಕಟ್ಟಕಡೆಗೆ ಕೊಟ್ಟು ಕೈತೊಳೆಯುವುದು ಸರ್ವಥಾ ಉಚಿತ. ಆದರೆ ತಿಂಗಳುಗಟ್ಟಲೆ ಒಂದೇ ಗೂಡಿನಲ್ಲಿ ಮೈಗೆ ಮೈ ತಾಗಿಸಿ, ಒಂದು ಇನ್ನೊಂದರ ಮುಖ ನೆಕ್ಕುತ್ತ ಬದುಕಿದ ಜೋಡಿಯಲ್ಲಿ, ಸೀನು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಜೀವಾಣುವು ಎರಡನೆಯದರ ಮೂಗನ್ನೂ ಸೇರಿರುವ ಸಂಭವವೇ ಹೆಚ್ಚು. ಅಗಲಿಕೆಯ ಕ್ಷೋಭೆಯಿಂದ ಮೇವು ಬಿಟ್ಟು ಎರಡೂ ಕುಗ್ಗುವುದು ಮೇಲಿನ ನಷ್ಟ. ಎರಡನೆಯದು ಚೆನ್ನಾಗಿ ತಿನ್ನುತ್ತಿದ್ದು ಚಟುವಟಿಕೆಯಿಂದಿದ್ದರೆ ಜೊತೆಯಲ್ಲಿಯೇ ಬಿಟ್ಟು, ಅದರ ಮುಂಗಾಲುಗಳನ್ನೂ ದಿನಾ ನೋಡುತ್ತಿರುವುದು ಮೇಲೆಂದು ನನ್ನ ಮತ. ಅದೇ ಮನೆಯಲ್ಲಿ ಗಿನಿಪಿಗ್ ಇದ್ದರೆ ಮಾತ್ರ ಅದನ್ನು ಅಂದೇ ಬೇರೆ ಕೋಣೆಗೆ ಸಾಗಿಸಬೇಕು, ಏಕೆಂದರೆ ಮೊಲಕ್ಕೆ ಬರಿಯ ಸೀನಾಗಿ ಕಳೆಯುವ ಬೋರ್ಡೆಟೆಲ್ಲವು ಗಿನಿಪಿಗ್‌ಗೆ ನ್ಯುಮೋನಿಯವಾಗಿ ಪರಿಣಮಿಸುತ್ತದೆ.